ಹಡಗಿನ ತಳದಲ್ಲೊಂದು ವಿದ್ಯುತ್ಕೋಶ

1763ರಲ್ಲಿ ಬ್ರಿಟಿಷ್ ನೌಕಾಪಡೆಯ ‘ಅಲಾರ್ಮ್’ ಎಂಬ ಯುದ್ಧನೌಕೆಯ ತಳವನ್ನು ಪರೀಕ್ಷಿಸಲಾಯಿತು. ಎರಡು ವರ್ಷ ಮೊದಲು ಅದರ ಮರದ ತಳಕ್ಕೆ ತಾಮ್ರದ ತಗಡು ಹೊದಿಸಿ ವೆಸ್ಟ್ ಇಂಡೀಸ್ ಕಡೆಗೆ ಕಳುಹಿಸಿದ್ದರು. ಮರ ಕೊರೆಯುವ ಹಡಗುಹುಳು, ತಳಕ್ಕೆ ಅಂಟಿ ವೇಗ ತಗ್ಗಿಸುವ ಚಿಪ್ಪುಜೀವಿಗಳು ಇವೆರಡರಿಂದಲೂ ತಾಮ್ರ ಹಡಗನ್ನು ಕಾಪಾಡಿತ್ತು. ಆದರೆ ಕಬ್ಬಿಣದ ಮೊಳೆಗಳು ಅನೇಕ ಕಡೆ ಸವೆದುಹೋಗಿದ್ದವು. ವಿಚಿತ್ರವೆಂದರೆ ಕೆಲವು ಮೊಳೆಗಳು ಮಾತ್ರ ಗಟ್ಟಿಯಾಗಿಯೇ ಇದ್ದವು. ತಗಡುಗಳನ್ನು ಸುತ್ತಿ ತಂದಿದ್ದ ಕಂದು ಕಾಗದ ಅಲ್ಲಿ ಹಾಗೆಯೇ ಉಳಿದು, ಎರಡು ಲೋಹಗಳು ಒಂದನ್ನೊಂದು ಮುಟ್ಟದಂತೆ ತಡೆದಿತ್ತು!

ಕಾಗದಕ್ಕೆ ಈ ಶಕ್ತಿ ಹೇಗೆ ಬಂತು? ಆಗ ಉತ್ತರ ಹೇಳಬಲ್ಲವರಿರಲಿಲ್ಲ. 1800ರಲ್ಲಿ ಇಟಲಿಯ ವೋಲ್ಟಾ, ಎರಡು ಬೇರೆ ಬೇರೆ ಲೋಹಗಳ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆ ಅಥವಾ ರಟ್ಟು ಇಟ್ಟು ವಿದ್ಯುತ್ ಪಡೆಯಬಹುದೆಂದು ಜಗತ್ತಿಗೆ ತಿಳಿಸಿದ. ಯೋಚಿಸಿ ನೋಡಿ: ಅಲಾರ್ಮ್ ಹಡಗಿನ ತಳದಲ್ಲಿದ್ದುದೂ ಇದೇ ಅಲ್ಲವೆ? ತಾಮ್ರ, ಕಬ್ಬಿಣ, ನಡುವೆ ಸಮುದ್ರದ ನೀರು. ಕಬ್ಬಿಣವು ಎಲೆಕ್ಟ್ರಾನುಗಳನ್ನು ತಾಮ್ರಕ್ಕೆ ಬಿಟ್ಟುಕೊಟ್ಟು, ತಾನು ಅಯಾನುಗಳಾಗಿ ನೀರಿಗೆ ಸೇರುತ್ತಿತ್ತು. ಇದನ್ನೇ ನಾವಿಂದು ಗ್ಯಾಲ್ವಾನಿಕ್ ಸಂಕ್ಷಾರಣ ಎನ್ನುತ್ತೇವೆ.

1780ರ ದಶಕದಲ್ಲಿ ನೌಕಾಪಡೆ ಕಬ್ಬಿಣದ ಬೋಲ್ಟುಗಳ ಬದಲು ತಾಮ್ರದ ಮಿಶ್ರಲೋಹದ ಬೋಲ್ಟುಗಳನ್ನು ಬಳಸತೊಡಗಿತು. ಆದರೂ ಕಡಲಿನಲ್ಲಿ ತಾಮ್ರದ ತಗಡೇ ನಿಧಾನವಾಗಿ ಸವೆಯುತ್ತಿತ್ತು. ಅದನ್ನು ಪದೇ ಪದೇ ಬದಲಿಸುವುದು ದುಬಾರಿ. ಈ ಸಮಸ್ಯೆ ರಾಯಲ್ ಸೊಸೈಟಿಯ ಅಧ್ಯಕ್ಷ ಹಂಫ್ರಿ ಡೇವಿಯ ಮುಂದೆ ಬಂತು. ವಿದ್ಯುತ್ತಿನ ಸಹಾಯದಿಂದ ಸೋಡಿಯಂ, ಪೊಟ್ಯಾಸಿಯಂಗಳನ್ನು ಬೇರ್ಪಡಿಸಿದ್ದ, ಗಣಿ ಕಾರ್ಮಿಕರಿಗಾಗಿ ಸುರಕ್ಷಾ ದೀಪ ರೂಪಿಸಿದ್ದ ವಿಜ್ಞಾನಿ ಆತ. 1824ರಲ್ಲಿ ಆತ ಉತ್ತರ ಕೊಟ್ಟ. ತಾಮ್ರಕ್ಕೆ ಸತು ಅಥವಾ ಕಬ್ಬಿಣದ ತುಂಡೊಂದನ್ನು ಜೋಡಿಸಿ. ಆ ತುಂಡು ಸವೆಯುತ್ತದೆ, ತಾಮ್ರ ಉಳಿಯುತ್ತದೆ. ಆ ತುಂಡಿನ ವಿಸ್ತೀರ್ಣ ತಾಮ್ರದ ನೂರರಲ್ಲಿ ಒಂದು ಪಾಲಿನಷ್ಟಿದ್ದರೂ ಸಾಕು! ಕಬ್ಬಿಣದ ಮೊಳೆಗೆ ಒದಗಿದ್ದ ದುರ್ಗತಿಯನ್ನೇ ಆತ ಉಪಾಯವಾಗಿ ಬಳಸಿದ್ದ.

ರಕ್ಷಕ ತುಂಡುಗಳನ್ನು ಹೊತ್ತು ಹಡಗುಗಳು ಕಡಲಿಗಿಳಿದವು. ಮರಳಿ ಬಂದಾಗ ತಾಮ್ರವೇನೋ ಸವೆದಿರಲಿಲ್ಲ. ಆದರೆ ತಳದ ತುಂಬ ಪಾಚಿ, ಚಿಪ್ಪುಜೀವಿಗಳು ಮೆತ್ತಿಕೊಂಡು ಹಡಗುಗಳ ವೇಗವೇ ಕುಗ್ಗಿತ್ತು. ತಾಮ್ರ ಸ್ವಲ್ಪ ಸ್ವಲ್ಪವಾಗಿ ಕರಗಿ ನೀರಿಗೆ ವಿಷ ಬೆರೆಸುತ್ತಿದ್ದುದರಿಂದಲೇ ಅದುವರೆಗೆ ತಳ ಶುಭ್ರವಾಗಿತ್ತು. ಕರಗುವುದು ನಿಂತಾಗ ಕಾವಲೂ ನಿಂತಿತು. 1825ರಲ್ಲಿ ನೌಕಾಪಡೆ ಕಡಲಯಾನದ ಹಡಗುಗಳಲ್ಲಿ ಈ ವಿಧಾನವನ್ನು ಕೈಬಿಟ್ಟಿತು. ಡೇವಿ ಟೀಕೆಗೆ ಗುರಿಯಾದ; 1829ರಲ್ಲಿ ತೀರಿಕೊಂಡ. ಅವನ ರಸಾಯನಶಾಸ್ತ್ರ ತಪ್ಪಿರಲಿಲ್ಲ. ಲೋಹ ಸವೆಯುವುದೆಲ್ಲ ನಷ್ಟವೇ ಎಂದು ಎಣಿಸಿದ್ದು ಮಾತ್ರ ತಪ್ಪಾಯಿತು.

ಮುಂದೆ ಕಬ್ಬಿಣ, ಉಕ್ಕಿನ ಹಡಗುಗಳು ಬಂದವು. ಉಕ್ಕು ಸವೆದರೆ ಯಾವ ಲಾಭವೂ ಇಲ್ಲ. ಆದ್ದರಿಂದ ಡೇವಿಯ ತತ್ತ್ವಕ್ಕೆ ಮರುಜೀವ ಬಂತು. ಇಂದು ಉಕ್ಕಿನ ಹಡಗುಗಳ ತಳದಲ್ಲಿ, ಚುಕ್ಕಾಣಿ ಮತ್ತು ಪ್ರೊಪೆಲ್ಲರ್‌ಗಳ ಬಳಿ ಸತು ಅಥವಾ ಅಲ್ಯೂಮಿನಿಯಂ ಮಿಶ್ರಲೋಹದ ಗಟ್ಟಿಗಳನ್ನು ಕಾಣಬಹುದು. ಇವು ‘ಬಲಿ ಆನೋಡು’ಗಳು. ಸವೆಯುವುದೇ ಇವುಗಳ ಕೆಲಸ, ಸವೆದಂತೆ ಬದಲಾಯಿಸಬೇಕು.

ಧಕ್ಕೆಯಲ್ಲಿ ಇನ್ನೊಂದು ಅಪಾಯವಿದೆ. ದಡದ ವಿದ್ಯುತ್ ಪಡೆಯಲು ದೋಣಿಗಳು ತಂತಿ ಜೋಡಿಸಿಕೊಂಡಾಗ, ಒಂದೇ ಅರ್ಥ್ ತಂತಿ ಅಕ್ಕಪಕ್ಕದ ದೋಣಿಗಳನ್ನೆಲ್ಲ ಬೆಸೆಯುತ್ತದೆ. ಆಗ ಒಂದು ದೋಣಿಯ ಸತು ನೆರೆಯ ದೋಣಿಯ ಕಂಚಿನ ಪ್ರೊಪೆಲ್ಲರ್‌ಗಾಗಿ ಸವೆಯತೊಡಗುತ್ತದೆ! ಹಾಗೆಂದು ಅರ್ಥ್ ತಂತಿಯನ್ನು ಕತ್ತರಿಸುವಂತಿಲ್ಲ; ಅದು ಜೀವ ಉಳಿಸುವ ತಂತಿ. ಅದರ ದಾರಿಯಲ್ಲಿ ‘ಗ್ಯಾಲ್ವಾನಿಕ್ ಐಸೊಲೇಟರ್’ ಎಂಬ ಸಾಧನವನ್ನು ಇಡುತ್ತಾರೆ. ಅಲ್ಪ ವೋಲ್ಟೇಜಿನ ನೇರ ವಿದ್ಯುತ್ತನ್ನು ಅದು ತಡೆಯುತ್ತದೆ. ದೋಷ ಉಂಟಾದಾಗ ಹರಿಯುವ ಹೆಚ್ಚಿನ ವಿದ್ಯುತ್ತಿಗೆ ದಾರಿ ಬಿಡುತ್ತದೆ. ಇನ್ನು ಬ್ಯಾಟರಿಯ ತಂತಿ ಹರಿದು ದೋಣಿಯ ಅಡಿಯ ನೀರಿಗೆ ವಿದ್ಯುತ್ ಸೋರಿದರೆ ಲೋಹ ಮತ್ತಷ್ಟು ಬೇಗ ಸವೆಯುತ್ತದೆ. ಅದಕ್ಕೆ ಸೋರಿಕೆಯನ್ನು ಹುಡುಕಿ ಸರಿಪಡಿಸುವುದೇ ಮದ್ದು.

ನೀವೂ ಒಂದು ಪ್ರಯೋಗ ಮಾಡಿ. ಮೂರು ಲೋಟ ಉಪ್ಪುನೀರಿನಲ್ಲಿ ಮೂರು ಕಬ್ಬಿಣದ ಮೊಳೆಗಳನ್ನಿಡಿ. ಒಂದು ಹಾಗೆಯೇ ಇರಲಿ. ಎರಡನೆಯದಕ್ಕೆ ಉಜ್ಜಿ ಹೊಳಪು ಬರಿಸಿದ ತಾಮ್ರದ ತಂತಿಯನ್ನೂ, ಮೂರನೆಯದಕ್ಕೆ ಪ್ರಯೋಗಶಾಲೆಯ ಸತುವಿನ ಪಟ್ಟಿಯನ್ನೂ ಬಿಗಿಯಾಗಿ ಸುತ್ತಿ. ಕೆಲವು ದಿನ ಕಳೆದ ಮೇಲೆ ಮೂರನ್ನೂ ಹೋಲಿಸಿ ನೋಡಿ. ಅಲಾರ್ಮ್ ಹಡಗಿನ ಮೊಳೆ ಯಾವ ಲೋಟದಲ್ಲಿದೆ, ಡೇವಿಯ ಉತ್ತರ ಯಾವುದರಲ್ಲಿದೆ ಎಂಬುದನ್ನು ನೀವೇ ಗುರುತಿಸಬಲ್ಲಿರಿ.