ಮನೆ ಎಲ್ಲಿ ಮಾಡ್ಲಿ?

ಪ್ರತಿ ವರ್ಷ ಜೂನ್-ಜುಲೈ ಬಂತು ಅಂದ್ರೆ ನನಗೆ ಒಂದೇ ಪ್ರಶ್ನೆ. "ಅಣ್ಣಾ, ಬೆಂಗಳೂರಲ್ಲಿ ಕೆಲಸ ಸಿಕ್ಕಿದೆ. ಮನೆ ಎಲ್ಲಿ ಮಾಡ್ಲಿ?" ಕೇಳೋರು ನಮ್ಮೂರ ಕಡೆಯ ಹುಡುಗ ಹುಡುಗಿಯರು. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ಅಂತೆಲ್ಲ ಆಗಲೇ ವಿಚಾರಿಸಿರ್ತಾರೆ. ಅಲ್ಲಿಂದ ಆಫೀಸಿಗೆ ಎಷ್ಟು ಹೊತ್ತು ಅನ್ನೋದನ್ನ ಮಾತ್ರ ಕೇಳಿರೋದಿಲ್ಲ. ನಾನೂ ಕೇಳಿರಲಿಲ್ಲ.

2011ರಲ್ಲಿ ಎಂಜಿನಿಯರಿಂಗ್ ಮುಗಿಸಿ ರಾಣೆಬೆನ್ನೂರಿನಿಂದ ಬಂದೆ. ಕೆಲಸ ವೈಟ್‌ಫೀಲ್ಡ್‌ನಲ್ಲಿ, ರೂಮು ವಿಜಯನಗರದಲ್ಲಿ. ಯಾಕೆ? ಸೋದರಮಾವನ ಮನೆ ಪಕ್ಕದಲ್ಲೇ ಇತ್ತು, ಖಾನಾವಳಿಯಲ್ಲಿ ಜೋಳದ ರೊಟ್ಟಿ ಸಿಗ್ತಿತ್ತು. ಹೋಗೋಕೆ ಎರಡು ಗಂಟೆ, ಬರೋಕೆ ಎರಡು ಗಂಟೆ. ಒಂದು ದಿನ ಬಸ್ಸಲ್ಲಿ ನಿಂತುಕೊಂಡೇ ಲೆಕ್ಕ ಹಾಕಿದೆ. ತಿಂಗಳಿಗೆ 22 ದಿನ ಅಂದ್ರೆ 88 ಗಂಟೆ. ವರ್ಷಕ್ಕೆ 1,056 ಗಂಟೆ. ಅಂದ್ರೆ ಹಗಲೂ ರಾತ್ರಿ ಸೇರಿ 44 ದಿನ ನಾನು ರಸ್ತೆಯಲ್ಲಿದ್ದೆ. ಅದೇ ವರ್ಷ ಊರಲ್ಲಿ ಅವ್ವನ ಜೊತೆ ಇದ್ದದ್ದು ಒಂಬತ್ತು ದಿನ!

ಈ ಊರು ಮೊದಲಿನಿಂದಲೂ ಹೀಗೇ ಇತ್ತಾ? ಇಲ್ಲ.

1537ರಲ್ಲಿ ಕೆಂಪೇಗೌಡರು ಕಟ್ಟಿದ ಪೇಟೆಯನ್ನೇ ನೋಡಿ. ಅಕ್ಕಿಪೇಟೆ, ಬಳೇಪೇಟೆ, ಅರಳೆಪೇಟೆ, ಕುಂಬಾರಪೇಟೆ. ಹೆಸರಲ್ಲೇ ಕಸುಬಿದೆ. ಮುಂದೆ ಅಂಗಡಿ, ಹಿಂದೆ ಮನೆ. ಕೆಲಸಕ್ಕೆ ಹೋಗೋದು ಅಂದ್ರೆ ಹೊಸ್ತಿಲು ದಾಟೋದು, ಅಷ್ಟೇ.

1898ರಲ್ಲಿ ಪ್ಲೇಗ್ ಬಂತು. ಇಕ್ಕಟ್ಟಾದ ಪೇಟೆಯಲ್ಲಿ ಜನ ಸತ್ತರು, ಉಳಿದವರು ಊರ ಹೊರಗೆ ಓಡಿದರು. ಗಾಳಿ ಬೆಳಕು ಇರುವ ಬಡಾವಣೆಗಳು ಬೇಕು ಅಂತ ಎದ್ದು ನಿಂತದ್ದೇ ಬಸವನಗುಡಿ ಮತ್ತು ಮಲ್ಲೇಶ್ವರ. ಅಲ್ಲಿ ಮನೆ ಮಾಡಿದವರಿಗೆ ಕೆಲಸದ ಜಾಗ ಸ್ವಲ್ಪ ದೂರವಾಯಿತು, ನಿಜ. ಆದರೆ ಅದು ನಡೆದೋ, ಜಟಕಾ ಹತ್ತಿಯೋ ಹೋಗಬಹುದಾದ ದೂರ.

ಆಮೇಲೆ ಕಾರ್ಖಾನೆಗಳ ಕಾಲ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಇವೆಲ್ಲ ಆಗಿನ ಊರಿನ ಹೊರಗೇ ಇದ್ದವು. ಆದರೆ ಕಾರ್ಖಾನೆ ಕಟ್ಟಿದವರು ಪಕ್ಕದಲ್ಲೇ ಕಾಲೋನಿಯನ್ನೂ ಕಟ್ಟಿದರು. ಶಾಲೆ, ಆಸ್ಪತ್ರೆ, ಆಟದ ಮೈದಾನ ಮಾಡಿದರು. ಟೆಲಿಫೋನ್ ತಯಾರಿಸುತ್ತಿದ್ದ ಐಟಿಐನ ಕಾಲೋನಿಗೆ ದೂರವಾಣಿನಗರ ಅಂತಲೇ ಹೆಸರಾಯಿತು. ಕ್ವಾರ್ಟರ್ಸ್ ಎಲ್ಲರಿಗೂ ಸಿಕ್ಕಲಿಲ್ಲ. ಸಿಗದವರಿಗೆ ಕಾರ್ಖಾನೆಯ ಬಸ್ಸಿತ್ತು. ಕಾರ್ಮಿಕ ಎಲ್ಲಿ ಮಲಗ್ತಾನೆ, ಹೇಗೆ ಬರ್ತಾನೆ ಅನ್ನೋದು ಕೆಲಸ ಕೊಡುವವರ ಯೋಚನೆಯೂ ಆಗಿತ್ತು.

ದಾರಿ ತಪ್ಪಿದ್ದು ಎಲ್ಲಿ? ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ-ಇಂಡಿಯನ್ನರು ಬೇಸಾಯ ಮಾಡಿ ಬದುಕಲಿ ಅಂತ ಹುಟ್ಟಿದ ಪುಟ್ಟ ಹಳ್ಳಿ. 1994ರಲ್ಲಿ ಅಲ್ಲಿ ಟೆಕ್ ಪಾರ್ಕಿನ ಯೋಜನೆ ಶುರುವಾಯಿತು. ಎಲೆಕ್ಟ್ರಾನಿಕ್ ಸಿಟಿಯ ಕನಸು ಕಂಡವರು ಕಿಯೋನಿಕ್ಸ್‌ನ ಆರ್.ಕೆ. ಬಾಳಿಗ, 1970ರ ದಶಕದ ಕೊನೆಯಲ್ಲಿ. ದೊಡ್ಡ ಕನಸು, ನನ್ನಂಥ ಲಕ್ಷಾಂತರ ಜನರಿಗೆ ಅನ್ನ ಕೊಟ್ಟ ಕನಸು. ಆದರೆ ಕಚೇರಿಗಳು ಬಂದ ವೇಗದಲ್ಲಿ ರೈಲು ಬರಲಿಲ್ಲ. ಮೆಟ್ರೋ ವೈಟ್‌ಫೀಲ್ಡ್ ಮುಟ್ಟಿದ್ದು 2023ರಲ್ಲಿ. ಎಲೆಕ್ಟ್ರಾನಿಕ್ ಸಿಟಿ ಮುಟ್ಟಿದ್ದು 2025ರ ಆಗಸ್ಟ್‌ನಲ್ಲಿ. ಅಷ್ಟು ವರ್ಷಗಳ ಅಂತರವನ್ನು ತುಂಬಿದ್ದು ಯಾರು? ಬಸ್ಸಲ್ಲಿ ನಿಂತ ನಾವು, ನಮ್ಮ ಆಯಸ್ಸಿನಿಂದ.

ತಮಾಷೆ ನೋಡಿ. ಇವತ್ತು ವಿಜಯನಗರದಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿದರೆ, ಎಲ್ಲೂ ಬದಲಿಸದೆ ಸೀದಾ ವೈಟ್‌ಫೀಲ್ಡ್‌ನಲ್ಲಿ ಇಳಿಯಬಹುದು. ನಾನು ಹನ್ನೆರಡು ವರ್ಷ ಮೊದಲೇ ಬಂದುಬಿಟ್ಟೆ.

ಹಾಗಾಗಿ ತಮ್ಮಾ, ತಂಗೀ, ಈ ಚರಿತ್ರೆ ಹೇಳೋದು ಇಷ್ಟೇ. ನಮ್ಮ ಹಿಂದಿನವರಿಗೆ ಊರೋ ಕಾರ್ಖಾನೆಯೋ ಮಾಡಿಕೊಟ್ಟ ಲೆಕ್ಕವನ್ನು ಈಗ ನೀವೇ ಮಾಡಿಕೊಳ್ಳಬೇಕು. ಕಿಲೋಮೀಟರ್ ನಂಬಬೇಡಿ, ನಿಮಿಷ ನೋಡಿ. ಅಡ್ವಾನ್ಸ್ ಕೊಡುವ ಮೊದಲು ಒಂದು ಸೋಮವಾರ ಬೆಳಗ್ಗೆ ಆ ಮನೆಯಿಂದ ಆಫೀಸಿಗೆ ಹೋಗಿ, ಸಂಜೆ ಅದೇ ದಾರಿಯಲ್ಲಿ ವಾಪಸ್ ಬನ್ನಿ. ಭಾನುವಾರ ನೋಡಿದ ಬೆಂಗಳೂರು ಬೆಂಗಳೂರೇ ಅಲ್ಲ. ಮೆಟ್ರೋ ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರ ಮನೆ ಸಿಕ್ಕರೆ ಬಾಡಿಗೆ ಸ್ವಲ್ಪ ಹೆಚ್ಚಾದರೂ ಯೋಚನೆ ಮಾಡಿ. ಗಂಡ ಹೆಂಡತಿ ಇಬ್ಬರೂ ದುಡಿಯುವವರಾದರೆ ಇಬ್ಬರ ನಿಮಿಷವನ್ನೂ ಲೆಕ್ಕಕ್ಕೆ ತಗೊಳ್ಳಿ. ಎಷ್ಟೋ ಮನೆಗಳಲ್ಲಿ ಗಂಡನ ಆಫೀಸಿಗೆ ಮನೆ ಹತ್ತಿರ ಇರುತ್ತೆ, ದೂರದ ಪ್ರಯಾಣ ಹೆಂಡತಿಯ ಪಾಲಿಗೆ ಬರುತ್ತೆ.

ಮಾವನ ಮನೆಗೆ ಭಾನುವಾರ ಹೋಗಿ, ರೊಟ್ಟಿ ಅಲ್ಲೇ ತಿನ್ನಿ. ಉಳಿದ ಗಂಟೆಗಳಲ್ಲಿ ಅವ್ವನಿಗೊಂದು ಫೋನ್ ಮಾಡಿ. ನನಗೆ ಅವ್ವ ಫೋನ್ ಮಾಡಿದಾಗಲೆಲ್ಲ ನಾನು ಹೇಳ್ತಿದ್ದದ್ದು ಒಂದೇ ಮಾತು. "ಬಸ್ಸಲ್ಲಿದೀನಿ, ಕೇಳಿಸ್ತಿಲ್ಲ, ಆಮೇಲೆ ಮಾಡ್ತೀನವ್ವಾ."