ಮೊದಲು ರೊಟ್ಟಿ, ಆಮೇಲೆ ಮಾತು

ಕರ್ಮೆಲ್ ಬೆಟ್ಟದ ಮೇಲೆ ಗೆದ್ದು ಇಳಿದ ಪ್ರವಾದಿ ಎಲೀಯ, ಈಜೆಬೆಲ್ ರಾಣಿಯ ಬೆದರಿಕೆಗೆ ಹೆದರಿ ಓಡಿದ. ಬೇರ್ಷೆಬದಾಚೆಯ ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಕುಸಿದು ಕೂತು, ಇನ್ನು ಸಾಕು, ಪ್ರಾಣ ತೆಗೆದುಕೋ ಎಂದು ದೇವರನ್ನು ಬೇಡಿದ. ಸತ್ಯವೇದದ, ಅಂದರೆ ಬೈಬಲಿನ, ಅರಸುಗಳ ಮೊದಲ ಪುಸ್ತಕದ 19ನೇ ಅಧ್ಯಾಯದ ಕಥೆ ಇದು. ಬಂದ ದೇವದೂತ ಬುದ್ಧಿ ಹೇಳಲಿಲ್ಲ. ತಟ್ಟಿ ಎಬ್ಬಿಸಿ, ಕಾದ ಕಲ್ಲಿನ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ಮುಂದಿಟ್ಟ. ಎಲೀಯ ತಿಂದ, ಕುಡಿದ, ಮತ್ತೆ ಮಲಗಿದ. ದೂತ ಮಲಗಲು ಬಿಟ್ಟ. ಎರಡನೇ ಸಲ ಎಬ್ಬಿಸಿದಾಗಲೂ ಮೊದಲು ಊಟವೇ. ಇಲ್ಲೇನು ಮಾಡುತ್ತಿದ್ದೀ ಎಂಬ ಪ್ರಶ್ನೆ ದೇವರಿಂದ ಬಂದದ್ದು ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ.

ಬದುಕೇ ಬೇಡವೆನಿಸಿದವರಿಗೆ ಕ್ರೈಸ್ತರು ಎರಡು ಸಾವಿರ ವರ್ಷಗಳಲ್ಲಿ ಏನು ಹೇಳಿದರು, ಏನು ಮಾಡಿದರು ಎಂದು ಓದುತ್ತ ಹೋದಂತೆ ಈ ರೊಟ್ಟಿಯೇ ನನಗೆ ಅಳತೆಗೋಲಾಯಿತು. ಅದೇ ಗ್ರಂಥದಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರೂ ಏಳು ಹಗಲು ಏಳು ರಾತ್ರಿ ಅವನ ಪಕ್ಕ ನೆಲದ ಮೇಲೆ ಸುಮ್ಮನೆ ಕೂತಿರುವಷ್ಟು ಕಾಲ ಒಳ್ಳೆಯ ಗೆಳೆಯರೇ. ಕೆಟ್ಟದ್ದು ಅವರು ಬಾಯಿ ತೆರೆದ ಮೇಲೆ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಅದಕ್ಕೊಂದು ಸಮಾಧಾನದ ಸಾಲು ಜೋಡಿಸುವ ಆಸೆ ಯಾರಿಗಾದರೂ ಬಂದಿದ್ದರೂ ಜೋಡಿಸಲಿಲ್ಲ. ಶಿಲುಬೆಯ ಮೇಲೆ ಯೇಸು ಕೂಗಿದ್ದು 22ನೇ ಕೀರ್ತನೆಯ ಆರಂಭವನ್ನು, ಕೈಬಿಟ್ಟೆಯಲ್ಲಾ ಎಂಬ ದೂರನ್ನು. ಹತಾಶೆ ಬಂತೆಂದರೆ ನಂಬಿಕೆ ಹೋಯಿತೆಂದೇ ಅರ್ಥ ಎನ್ನುವವರು ಈ ಪುಟಗಳನ್ನು ಹಾರಿಸಿಯೇ ಓದಬೇಕು.

ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳು ಈ ಹತಾಶೆಯನ್ನು ಹತ್ತಿರದಿಂದ ಗಮನಿಸಿದರು. ಅವರಲ್ಲೊಬ್ಬ, 399ರಲ್ಲಿ ತೀರಿಕೊಂಡ ಇವಾಗ್ರಿಯಸ್, ಅದನ್ನು ನಡುಹಗಲ ದೆವ್ವವೆಂದು ಕರೆದ. ಸೂರ್ಯ ಅಲ್ಲಾಡುವುದೇ ಇಲ್ಲ ಎನಿಸುತ್ತದೆ, ಇದ್ದ ಜಾಗ ಬೇಡವಾಗುತ್ತದೆ, ಕೈಕೆಲಸ ಹೇಸಿಗೆಯಾಗುತ್ತದೆ. ಇಂದಿನ ರೋಗಿಗಳೂ ಗುರುತು ಹಿಡಿಯುವ ವಿವರ ಅದು. ಜಾನ್ ಕ್ಯಾಸಿಯನ್ ಎಂಬ ಸನ್ಯಾಸಿ ಈ ತಿಳಿವನ್ನು ಲ್ಯಾಟಿನ್ನಿಗೆ ತಂದ.

ಆದರೆ ಕ್ರೈಸ್ತ ಸಭೆ ಗಡುಸೂ ಆಯಿತು. ತನ್ನ ಪ್ರಾಣವನ್ನು ತಾನೇ ಕಳೆದುಕೊಂಡವರ ಶವದ ಮುಂದೆ ಕೀರ್ತನೆ ಹಾಡಕೂಡದೆಂದು 561ರಲ್ಲಿ ಪೋರ್ಚುಗಲ್‌ನ ಬ್ರಾಗಾದಲ್ಲಿ ಸೇರಿದ ಬಿಷಪರು ಕಟ್ಟಳೆ ಮಾಡಿದರು. ಮಗನನ್ನೋ ಮಗಳನ್ನೋ ಹಾಗೆ ಕಳೆದುಕೊಂಡ ತಾಯಂದಿರನ್ನು ನೆನೆದರೆ ಎದೆ ಹಿಂಡುತ್ತದೆ. ಕ್ಯಾಥೊಲಿಕ್ ಸಭೆಯ ಕಾನೂನು ಈ ನಿಷೇಧವನ್ನು ಕೈಬಿಟ್ಟದ್ದು 1983ರಲ್ಲಿ. ತೀವ್ರ ಮನೋವ್ಯಥೆ ಹೊಣೆಯನ್ನು ತಗ್ಗಿಸುತ್ತದೆ, ಅಂಥವರ ರಕ್ಷಣೆಯ ಬಗ್ಗೆ ಆಸೆ ಬಿಡಬಾರದು ಎಂದು ಅದೇ ಸಭೆಯ 1992ರ ಧರ್ಮೋಪದೇಶ ಗ್ರಂಥ ಸ್ಪಷ್ಟವಾಗಿ ಹೇಳಿತು.

ನಡುವಿನ ಕಾಲದಲ್ಲಿ ಕೆಲವರು ರೊಟ್ಟಿಯ ದಾರಿಯನ್ನು ಮತ್ತೆ ಹಿಡಿದರು. 1530ರಲ್ಲಿ ಮಾರ್ಟಿನ್ ಲೂಥರ್ ತನ್ನ ಮಕ್ಕಳ ಮೇಷ್ಟ್ರು ಜೆರೋಮ್ ವೆಲ್ಲರ್‌ಗೆ ಬರೆದ ಪತ್ರದಲ್ಲಿ, ಒಂಟಿಯಾಗಿರಬೇಡ, ಜನರ ನಡುವೆ ಇರು, ನಗು, ಆಡು ಎಂದ. ಸ್ವತಃ ಆ ಕತ್ತಲೆ ಹೊಕ್ಕು ಬಂದವನ ಮಾತು ಅದು. ಇಂಗ್ಲೆಂಡಿನ ಪ್ಯೂರಿಟನ್ ಬೋಧಕ ರಿಚರ್ಡ್ ಬ್ಯಾಕ್ಸ್‌ಟರ್, ಮನೋವ್ಯಥೆಯವರು ದೀರ್ಘ ಧ್ಯಾನಕ್ಕೆ ಕೂರಬಾರದು, ವೈದ್ಯನ ಔಷಧಿಯನ್ನು ಕಡೆಗಣಿಸಬಾರದು ಎಂದು ಹದಿನೇಳನೇ ಶತಮಾನದಲ್ಲೇ ಬರೆದ.

ನನ್ನನ್ನು ಬಹಳ ಕಾಡುವುದು ಇಂಗ್ಲೆಂಡಿನ ಆಲ್ನಿ ಎಂಬ ಊರಿನ ಕಥೆ. ಕವಿ ವಿಲಿಯಂ ಕೂಪರ್ 1773ರಲ್ಲಿ, ದೇವರು ತನ್ನನ್ನು ಶಾಶ್ವತವಾಗಿ ತಳ್ಳಿಬಿಟ್ಟಿದ್ದಾನೆಂದು ನಂಬಿ ಕುಸಿದ. ಊರಿನ ಪಾದ್ರಿ ಜಾನ್ ನ್ಯೂಟನ್, ಒಂದು ಕಾಲದ ಗುಲಾಮರ ಹಡಗಿನ ಕಪ್ತಾನ, ಅವನನ್ನು ತನ್ನ ಮನೆಯಲ್ಲೇ ಒಂದು ವರ್ಷಕ್ಕೂ ಹೆಚ್ಚು ಕಾಲ ಇರಿಸಿಕೊಂಡ. ವಾದಿಸಿದ, ಪ್ರಾರ್ಥಿಸಿದ, ಕೂಪರನ ನಂಬಿಕೆ ಬದಲಾಗಲಿಲ್ಲ. 1800ರಲ್ಲಿ ಸಾಯುವಾಗಲೂ ಆ ಭಯ ಅವನನ್ನು ಬಿಟ್ಟಿರಲಿಲ್ಲ. ಆದರೂ ಈ ನಡುವೆ ಅವನು ಮೊಲ ಸಾಕಿದ, ತೋಟ ಮಾಡಿದ, 1785ರಲ್ಲಿ ತನ್ನ ಮುಖ್ಯ ಕಾವ್ಯವನ್ನು ಪ್ರಕಟಿಸಿದ. ನ್ಯೂಟನ್ ಸೋತನೆಂದು ಬರೆಯಲು ನನ್ನ ಕೈ ಬರುವುದಿಲ್ಲ.

ಭಯ ಬಿಡದೆಯೂ ದಿನ ದಾಟಿಸುವ ಈ ಬಗೆಗೆ ನಮ್ಮ ಭಾಷೆಯಲ್ಲೇ ಒಂದು ಮಾತಿದೆ. ಕನ್ನಡಕ್ಕೆ ಪೂರ್ಣ ಸತ್ಯವೇದ ಬಂದದ್ದು 1831ರಲ್ಲಿ, ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ದುಡಿಮೆಯಿಂದ. ನಮ್ಮ ಸತ್ಯವೇದ ಓದುವವರ ನಾಲಗೆಯಲ್ಲಿ ನಂಬಿಕೆ, ಪ್ರೀತಿಗಳ ಜೊತೆ ಬರುವ ಮೂರನೆಯ ಮಾತು ‘ನಿರೀಕ್ಷೆ’. ಆಡುಮಾತಿನಲ್ಲಿ ನಿರೀಕ್ಷೆ ಎಂದರೆ ಕಾಯುವುದು, ದಾರಿ ನೋಡುವುದು. ಎಲ್ಲ ಸರಿಹೋಗುತ್ತದೆ ಎಂಬ ಭರವಸೆ ಇಲ್ಲದವರೂ ನಾಳೆ ಬೆಳಗಿನವರೆಗೆ ಕಾಯಬಲ್ಲರು. ಈ ಅರ್ಥ ನನಗೆ ಬಹಳ ಬೇಕಾದದ್ದು.

ಬೋಧಕರೂ ಈ ಕತ್ತಲೆಗೆ ಹೊರತಲ್ಲ. ಲಂಡನ್ನಿನ ಹೆಸರಾಂತ ಬೋಧಕ ಸ್ಪರ್ಜನ್, 1856ರಲ್ಲಿ ತನ್ನ ಸಭೆಯ ನೂಕುನುಗ್ಗಲಿನಲ್ಲಿ ಏಳು ಜನ ಸತ್ತ ಮೇಲೆ ಜೀವನವಿಡೀ ಖಿನ್ನತೆ ಅನುಭವಿಸಿದ. ಅದನ್ನು ಮುಚ್ಚಿಡದೆ ತನ್ನ ವಿದ್ಯಾರ್ಥಿಗಳಿಗೆ ಪಾಠವಾಗಿ ಹೇಳಿದ. ಅಮೆರಿಕದಲ್ಲಿ, ಸ್ವತಃ ಮನೋರೋಗಿಯಾಗಿ ಆಸ್ಪತ್ರೆ ಸೇರಿದ್ದ ಪಾದ್ರಿ ಆಂಟನ್ ಬಾಯ್ಸನ್ 1925ರಲ್ಲಿ ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ವೂಸ್ಟರ್‌ನ ಮಾನಸಿಕ ಆಸ್ಪತ್ರೆಯ ವಾರ್ಡುಗಳಿಗೆ ಕರೆತಂದ. ಪುಸ್ತಕದ ಜೊತೆಗೆ ಮನುಷ್ಯರನ್ನೂ ಓದಬೇಕೆಂಬುದು ಅವನ ಹಟ.

1935ರಲ್ಲಿ ಲಿಂಕನ್ ನಗರದಲ್ಲಿ, ದೇಹದ ಸಹಜ ಬದಲಾವಣೆಯನ್ನು ರೋಗವೆಂದು ಹೆದರಿ ಜೀವ ಕಳೆದುಕೊಂಡ 14 ವರ್ಷದ ಹುಡುಗಿಯ ಶವಸಂಸ್ಕಾರ ಮಾಡಿಸಿದ ಯುವ ಪಾದ್ರಿ ಚಾಡ್ ವಾರಾ ಅದನ್ನು ಮರೆಯಲಿಲ್ಲ. 1953ರಲ್ಲಿ ಲಂಡನ್ನಿನ ತನ್ನ ಚರ್ಚಿನಲ್ಲಿ ಒಂದು ಫೋನ್ ಇಟ್ಟು, ಹತಾಶರು ಕರೆ ಮಾಡಿ ಎಂದ. ಅದೇ ‘ಸಮಾರಿಟನ್ಸ್’ ಆಯಿತು. ಅವನ ಸಲಹೆಗಾಗಿ ಬಂದವರು ಹೊರಗೆ ಕಾಯುವಾಗ ಟೀ ಕೊಡಲು ಕೆಲವು ಸ್ವಯಂಸೇವಕರಿದ್ದರು. ಟೀ ಕುಡಿಯುತ್ತ ಅವರೊಡನೆ ಮಾತಾಡಿದ ಎಷ್ಟೋ ಜನರಿಗೆ ಪಾದ್ರಿಯನ್ನು ಕಾಣುವ ಅಗತ್ಯವೇ ಉಳಿಯುತ್ತಿರಲಿಲ್ಲ. ವಾರಾ ಇದನ್ನು ಕಂಡು ಕೆಲಸವನ್ನೇ ಅವರ ಕೈಗೆ ಒಪ್ಪಿಸಿದ. ಉಪದೇಶ ಬೇಡ, ಕಿವಿ ಕೊಡಿ ಎಂಬುದೇ ನಿಯಮ. ಆ ಬಗೆಯ ಸ್ನೇಹಸೇವೆ 1986ರಲ್ಲಿ ಚೆನ್ನೈಯಲ್ಲಿ ‘ಸ್ನೇಹಾ’ ಎಂಬ ಹೆಸರಿನಲ್ಲಿ ಶುರುವಾಯಿತು.

ಇದನ್ನು ಓದುತ್ತಿರುವ ನೀವೇ ಆ ಗಿಡದ ಕೆಳಗೆ ಕೂತಿದ್ದರೆ, ಇವತ್ತು ದೊಡ್ಡ ಪ್ರಾರ್ಥನೆಯ ಹಂಗು ಬೇಡ. ಒಂದಿಷ್ಟು ಉಣ್ಣಿ. ಒಬ್ಬರೇ ಇರಬೇಡಿ, ಮನೆಯವರನ್ನೋ ಗೆಳೆಯರನ್ನೋ ಈಗಲೇ ಹತ್ತಿರ ಕರೆದುಕೊಳ್ಳಿ. 2022ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416. ಹಗಲು ರಾತ್ರಿ ತೆರೆದಿರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.