ಮನೆ, ಅಂಗಡಿ ಕಂಪ್ಯೂಟರ್‌ಗೆ ವೈರಸ್: ಯಾವ ಆಂಟಿವೈರಸ್ ಸಾಕು? ಹೊಕ್ಕಿದ್ದನ್ನ ತೆಗೆಯೋದು ಹೇಗೆ?

ಕಿರಾಣಿ ಅಂಗಡಿಯ ಉದ್ರಿ ಲೆಕ್ಕ, ಗೊಬ್ಬರದ ಅಂಗಡಿಯ ಜಿಎಸ್‌ಟಿ ಬಿಲ್, ಸ್ಟುಡಿಯೋದವರ ಮದುವೆ ಫೋಟೋ, ಮಕ್ಕಳ ಮಾರ್ಕ್ಸ್ ಕಾರ್ಡ್ ಸ್ಕ್ಯಾನ್. ಎಲ್ಲಾ ಈಗ ಒಂದೇ ಡಬ್ಬಿಯೊಳಗೆ ಇರುತ್ತೆ. ಹೊಸ ಕಂಪ್ಯೂಟರ್ ಬೇಕಾದ್ರೆ ಕಂತಿನಲ್ಲಿ ತರಬಹುದು. ಮೂರು ವರ್ಷದ ಬಾಕಿ ಪಟ್ಟಿ ಹೋದರೆ ಅದು ಯಾವ ಶೋರೂಮ್‌ನಲ್ಲೂ ಸಿಗಲ್ಲ.

ವೈರಸ್ ಅಂದ ತಕ್ಷಣ ಎಲ್ಲರೂ ಕೇಳೋದು "ಯಾವ ಆಂಟಿವೈರಸ್ ಹಾಕಿಸಬೇಕು?" ಅಂತ. ಉತ್ತರ ಚಿಕ್ಕದು. ವಿಂಡೋಸ್ ಜೊತೆ ಪುಕ್ಕಟೆ ಬಂದಿರೋದನ್ನ ಸರಿಯಾಗಿ ಇಟ್ಟುಕೊಳ್ಳಿ, ಕ್ರ್ಯಾಕ್ ಸಾಫ್ಟ್‌ವೇರ್ ಬಿಡಿ, ಉಳಿದ ದುಡ್ಡಲ್ಲಿ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ತಂದು ಬ್ಯಾಕಪ್ ಮಾಡಿ. ಯಾಕೆ, ಹೇಗೆ ಅನ್ನೋದು ಕೆಳಗಿದೆ.

ವೈರಸ್ ಬರೋ ನಾಲ್ಕು ದಾರಿ

ಒಂದು, ಕ್ರ್ಯಾಕ್. ಡಿಟಿಪಿ ಅಂಗಡಿಗಳಲ್ಲಿ ಫೋಟೋಶಾಪ್, ಕೋರೆಲ್‌ಡ್ರಾ ದುಡ್ಡು ಕೊಟ್ಟು ತಂದಿರೋದು ಕಡಿಮೆ. ವಿಂಡೋಸ್ ಮತ್ತು ಆಫೀಸನ್ನೂ "ಆಕ್ಟಿವೇಟರ್" ಅನ್ನೋ ಸಣ್ಣ ಪ್ರೋಗ್ರಾಂ ಓಡಿಸಿ ಹಾಕಿರ್ತಾರೆ. ಆ ಪ್ರೋಗ್ರಾಂ ಮೊದಲು ಹೇಳೋದೇ "ಆಂಟಿವೈರಸ್ ಆಫ್ ಮಾಡಿ" ಅಂತ. ಮನೆ ಕಾವಲು ನಾಯಿಯನ್ನ ಕಟ್ಟಿಹಾಕಿ ಬಾಗಿಲು ತೆಗೆ ಅಂದ ಹಾಗೆ. ಫೈಲುಗಳನ್ನ ಲಾಕ್ ಮಾಡಿ ದುಡ್ಡು ಕೇಳೋ "ಸ್ಟಾಪ್/ಡಿಜೆವಿಯು" ಅನ್ನೋ ರ‍್ಯಾನ್ಸಮ್‌ವೇರ್ ಮನೆ ಕಂಪ್ಯೂಟರ್‌ಗಳಿಗೆ ಹೊಕ್ಕಿದ್ದು ಹೆಚ್ಚಾಗಿ ಇದೇ ದಾರಿಯಲ್ಲಿ.

ಎರಡು, ಪೆನ್‌ಡ್ರೈವ್. ಜೆರಾಕ್ಸ್ ಅಂಗಡಿಯ ಕಂಪ್ಯೂಟರ್ ಅಂದ್ರೆ ಸಂತೆ ಬಾವಿ ಇದ್ದಂತೆ, ದಿನಕ್ಕೆ ಹತ್ತಾರು ಜನರ ಪೆನ್‌ಡ್ರೈವ್ ಅಲ್ಲಿ ಮುಳುಗಿ ಏಳುತ್ತೆ. ಒಬ್ಬರದ್ದು ಕೆಟ್ಟಿದ್ರೆ ಸಂಜೆಯೊಳಗೆ ಎಲ್ಲರ ಮನೆಗೂ ಹೋಗುತ್ತೆ.

ಮೂರು, ಮೇಲ್ ಮತ್ತು ವಾಟ್ಸಾಪ್‌ನಲ್ಲಿ ಬರೋ ಫೈಲ್. "ಇನ್‌ವಾಯ್ಸ್", "ಕೊರಿಯರ್ ರಸೀದಿ", "ಟ್ಯಾಕ್ಸ್ ನೋಟಿಸ್" ಅಂತ ಹೆಸರಿರುತ್ತೆ. ಪಿಡಿಎಫ್ ಚಿತ್ರ ಕಾಣುತ್ತೆ, ಆದರೆ ಹೆಸರಿನ ಕೊನೆಯಲ್ಲಿ ಡಾಟ್ ಇಎಕ್ಸ್‌ಇ ಅಥವಾ ಡಾಟ್ ಜೆಎಸ್ ಅಂತ ಇರುತ್ತೆ. ವಿಂಡೋಸ್ ಆ ಕೊನೆಯ ಭಾಗವನ್ನ ಬಚ್ಚಿಡುತ್ತೆ. ಫೋಲ್ಡರ್ ತೆಗೆದು "ವ್ಯೂ" ಒಳಗೆ "ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್" ಟಿಕ್ ಮಾಡಿಟ್ಟುಕೊಂಡರೆ ಕಳ್ಳ ಹೆಸರು ಬಯಲಾಗುತ್ತೆ.

ನಾಲ್ಕು, ಅಪ್‌ಡೇಟ್ ಮಾಡದ ವಿಂಡೋಸ್. 2017ರ ಮೇ 12ರಂದು ಶುರುವಾದ ವಾನ್ನಾಕ್ರೈ ದಾಳಿ 150ಕ್ಕೂ ಹೆಚ್ಚು ದೇಶಗಳ ಕಂಪ್ಯೂಟರ್‌ಗಳನ್ನ ಹಿಡಿಯಿತು. ಅದು ನುಗ್ಗಿದ ಕಿಂಡಿಯನ್ನ ಮುಚ್ಚೋ ಅಪ್‌ಡೇಟನ್ನ ಮೈಕ್ರೋಸಾಫ್ಟ್ ಆ ವರ್ಷ ಮಾರ್ಚ್‌ನಲ್ಲೇ ಬಿಟ್ಟಿತ್ತು. ಹಾಕಿಕೊಂಡವರು ಬಚಾವಾದರು.

ಮೊದಲು ನೋಡಿ: ಅದು ನಿಜವಾಗಿಯೂ ವೈರಸ್ಸಾ?

ಪರದೆಯ ಬಲಗಡೆ ಕೆಳಗೆ "ನಿಮ್ಮ ಕಂಪ್ಯೂಟರ್‌ನಲ್ಲಿ 5 ವೈರಸ್ ಸಿಕ್ಕಿದೆ" ಅಂತ ಪದೇ ಪದೇ ಬರ್ತಿದ್ರೆ ಅದು ಎಷ್ಟೋ ಸಲ ಬ್ರೌಸರ್ ನೋಟಿಫಿಕೇಷನ್ ಮಾತ್ರ. ಸಿನಿಮಾ ಡೌನ್‌ಲೋಡ್ ಮಾಡೋಕೆ ಹೋದಾಗ ಯಾವುದೋ ಸೈಟಿಗೆ "ಅಲೋ" ಒತ್ತಿರ್ತೀರಿ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವೆಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್‌ಗೆ ಹೋಗಿ ಗೊತ್ತಿಲ್ಲದ ಸೈಟುಗಳನ್ನೆಲ್ಲಾ ತೆಗೆಯಿರಿ. ಅಲ್ಲಿಗೆ ನಿಲ್ಲುತ್ತೆ.

ಪರದೆ ತುಂಬಾ ಕೆಂಪು ಬಣ್ಣ, ಜೋರು ಸದ್ದು, "ಮೈಕ್ರೋಸಾಫ್ಟ್ ಸಪೋರ್ಟ್‌ಗೆ ಈ ನಂಬರಿಗೆ ಕರೆ ಮಾಡಿ" ಅಂತ ಬಂದ್ರೆ ಅದು ಮೋಸ. ಮೈಕ್ರೋಸಾಫ್ಟ್‌ನ ಎರರ್ ಮೆಸೇಜ್‌ನಲ್ಲಿ ಯಾವತ್ತೂ ಫೋನ್ ನಂಬರ್ ಇರಲ್ಲ. ಕರೆ ಮಾಡಿದ್ರೆ ಆ ಕಡೆಯವರು ಎನಿಡೆಸ್ಕ್ ಥರದ ಸಾಫ್ಟ್‌ವೇರ್ ಹಾಕಿಸಿಕೊಂಡು ನಿಮ್ಮ ಬ್ಯಾಂಕ್ ಖಾತೆಗೇ ಕೈ ಹಾಕ್ತಾರೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆದು ಬ್ರೌಸರನ್ನ "ಎಂಡ್ ಟಾಸ್ಕ್" ಮಾಡಿ, ಅಷ್ಟೇ.

ಸುಮ್ಮನೆ ನಿಧಾನ ಆಗಿದ್ರೆ ಅದಕ್ಕೆಲ್ಲಾ ವೈರಸ್ ಕಾರಣ ಅಲ್ಲ. ಹಳೇ ಹಾರ್ಡ್‌ಡಿಸ್ಕ್, 4 ಜಿಬಿ ರ‍್ಯಾಮ್ ಇದ್ರೂ ಹಾಗೇ ಆಗುತ್ತೆ. ನಿಜವಾದ ಅನುಮಾನ ಬರಬೇಕಾದ್ದು ಇಂಥ ಕಡೆ: ಆಂಟಿವೈರಸ್ ತಾನಾಗೇ ಆಫ್ ಆಗೋದು, ಸುಮ್ಮನಿದ್ದಾಗಲೂ ಫ್ಯಾನ್ ಜೋರಾಗಿ ಓಡೋದು, ಬ್ರೌಸರ್‌ನ ಹೋಂ ಪೇಜ್ ಬದಲಾಗೋದು, ನಿಮ್ಮ ಮೇಲ್‌ನಿಂದ ನೀವು ಕಳಿಸದ ಸಂದೇಶ ಹೋಗೋದು, ಫೈಲ್ ಹೆಸರಿನ ಕೊನೆಗೆ ವಿಚಿತ್ರ ಅಕ್ಷರ ಸೇರೋದು.

ಯಾವ ಆಂಟಿವೈರಸ್?

ವಿಂಡೋಸ್ 10 ಮತ್ತು 11ರಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಮೊದಲೇ ಇರುತ್ತೆ. ಬೇರೆ ದುಡ್ಡು ಕೊಡಬೇಕಿಲ್ಲ, ವರ್ಷ ವರ್ಷ ರಿನ್ಯೂ ಮಾಡಿಸಬೇಕಿಲ್ಲ. ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರೇಟಿವ್ಸ್ ಅನ್ನೋ ಪರೀಕ್ಷಾ ಸಂಸ್ಥೆಗಳು ಎಲ್ಲಾ ಕಂಪನಿಗಳ ಆಂಟಿವೈರಸ್‌ಗಳನ್ನ ಪರೀಕ್ಷೆಗೆ ಹಾಕಿ ಫಲಿತಾಂಶವನ್ನ ವೆಬ್‌ಸೈಟಲ್ಲಿ ಎಲ್ಲರಿಗೂ ಕಾಣೋ ಹಾಗೆ ಹಾಕ್ತಾವೆ. ಡಿಫೆಂಡರ್ ಅಲ್ಲಿ ಕಾಸು ಕೊಟ್ಟು ತರೋವುಗಳ ಪಕ್ಕದಲ್ಲೇ ನಿಲ್ಲುತ್ತೆ. ಕೊಳ್ಳೋ ಮೊದಲು ಅಂಗಡಿಯವರ ಮಾತಿಗಿಂತ ಆ ಪಟ್ಟಿ ನೋಡಿ.

ದುಡ್ಡು ಕೊಟ್ಟು ತರೋದು ಯಾರಿಗೆ ಒಳ್ಳೇದು? ಜೆರಾಕ್ಸ್, ಆನ್‌ಲೈನ್ ಅರ್ಜಿ ಹಾಕೋ ಅಂಗಡಿಯವರಿಗೆ, ಮೂರು ನಾಲ್ಕು ಕಂಪ್ಯೂಟರ್ ಇಟ್ಟು ಕೆಲಸದವರಿಗೆ ಕೊಟ್ಟಿರೋರಿಗೆ, ತೊಂದರೆ ಆದಾಗ ಫೋನ್ ಮಾಡಿ ಕೇಳೋಕೆ ಒಬ್ಬರು ಬೇಕು ಅನ್ನೋರಿಗೆ. ನಮ್ಮ ದೇಶದ್ದೇ ಬೇಕಂದ್ರೆ ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ಇವೆ. ಹೊರಗಿನದ್ದರಲ್ಲಿ ಬಿಟ್‌ಡಿಫೆಂಡರ್, ಇಸೆಟ್ ಹಳೇ ಹೆಸರುಗಳು.

ತರುವಾಗ ಮೂರು ವಿಷಯ ಗಮನದಲ್ಲಿರಲಿ.

ಒಂದೇ ಕಂಪ್ಯೂಟರ್‌ಗೆ ಎರಡು ಆಂಟಿವೈರಸ್ ಬೇಡ. ಒಂದು ಒರೆಯಲ್ಲಿ ಎರಡು ಕತ್ತಿ. ಎರಡೂ ಒಂದೇ ಫೈಲಿಗೆ ಜಗಳ ಆಡಿ ಕಂಪ್ಯೂಟರ್ ತೆವಳುತ್ತೆ.

ಲ್ಯಾಪ್‌ಟಾಪ್ ಜೊತೆ ಬಂದ ಟ್ರಯಲ್ ಆಂಟಿವೈರಸ್ ಅವಧಿ ಮುಗಿದಿದ್ರೆ ಅನ್‌ಇನ್‌ಸ್ಟಾಲ್ ಮಾಡಿ. ಅದನ್ನ ತೆಗೆದು ರೀಸ್ಟಾರ್ಟ್ ಮಾಡಿದ್ರೆ ಡಿಫೆಂಡರ್ ಕೆಲಸ ಶುರು ಮಾಡುತ್ತೆ. ಮುಗಿದು ಹೋದ ಆಂಟಿವೈರಸ್ ಇಟ್ಕೊಂಡು "ನಮ್ಮದ್ರಲ್ಲಿ ಇದೆ" ಅಂತ ನಂಬಿರೋದು ಏನೂ ಇಲ್ಲದ್ದಕ್ಕಿಂತ ಅಪಾಯ.

ಪುಕ್ಕಟೆ ಅಂದದ್ದೆಲ್ಲಾ ಪುಕ್ಕಟೆ ಅಲ್ಲ. ಜನ ಯಾವ್ಯಾವ ಸೈಟ್ ನೋಡ್ತಾರೆ ಅನ್ನೋ ಮಾಹಿತಿಯನ್ನ ಮಾರಿದ್ದಕ್ಕೆ ಅವಾಸ್ಟ್ ಕಂಪನಿ 1.65 ಕೋಟಿ ಡಾಲರ್ ಕಟ್ಟಬೇಕು ಅಂತ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಹೇಳಿತು.

ಇನ್ನು ವಿಂಡೋಸ್ ಬಗ್ಗೆ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಅಪ್‌ಡೇಟ್ ನಿಂತಿದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಸಪೋರ್ಟ್ ಮುಗೀತು, ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್‌ಗೆ ಸೇರಿಕೊಂಡೋರಿಗೆ ಮಾತ್ರ ಇನ್ನೊಂದಿಷ್ಟು ಕಾಲ. ವಿಂಡೋಸ್ 7ರ ಮೇಲೆ ಎಷ್ಟೇ ದುಬಾರಿ ಆಂಟಿವೈರಸ್ ಹಾಕಿ, ಹರಿದ ಗೋಣಿಚೀಲಕ್ಕೆ ಬೀಗ ಹಾಕಿದಂತೆ. ಆ ಕಂಪ್ಯೂಟರ್‌ನಲ್ಲಿ ಬ್ಯಾಂಕ್ ಕೆಲಸ ಮಾಡಬೇಡಿ.

ವೈರಸ್ ತೆಗೆಯೋ ಕ್ರಮ

ಈ ಕೆಲಸಕ್ಕೆ ಅರ್ಧ ದಿನ ಇಟ್ಕೊಳ್ಳಿ. ಅಂಗಡಿ ರಜೆ ದಿನ ಆದ್ರೆ ಒಳ್ಳೇದು.

1. ಅಲ್ಲಿವರೆಗೆ ಆ ಕಂಪ್ಯೂಟರ್‌ನಲ್ಲಿ ಬ್ಯಾಂಕ್, ಮೇಲ್, ಜಿಎಸ್‌ಟಿ ಪೋರ್ಟಲ್ ಯಾವುದಕ್ಕೂ ಲಾಗಿನ್ ಆಗಬೇಡಿ.

2. ವಿಂಡೋಸ್ ಸೆಕ್ಯುರಿಟಿ ತೆಗೆದು "ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್" ಒಳಗೆ ಅಪ್‌ಡೇಟ್ ಚೆಕ್ ಮಾಡಿ. ಮುಗಿದ ಮೇಲೆ ವೈಫೈ ಅಥವಾ ಇಂಟರ್ನೆಟ್ ವೈರ್ ತೆಗೆಯಿರಿ.

3. ಅಲ್ಲೇ "ಮ್ಯಾನೇಜ್ ಸೆಟ್ಟಿಂಗ್ಸ್" ಒಳಗೆ ಕೆಳಗಡೆ "ಎಕ್ಸ್‌ಕ್ಲೂಷನ್ಸ್" ಇದೆ. ಇಲ್ಲಿರೋ ಫೋಲ್ಡರ್‌ಗಳನ್ನ ಡಿಫೆಂಡರ್ ನೋಡೋದೇ ಇಲ್ಲ. ಕ್ರ್ಯಾಕ್ ಹಾಕಿದವರು ಇಲ್ಲಿ ಇಡೀ ಸಿ ಡ್ರೈವನ್ನೇ ಸೇರಿಸಿರಬಹುದು. ನೀವು ಹಾಕದೇ ಇದ್ದದ್ದೆಲ್ಲಾ ತೆಗೆಯಿರಿ. ಇದನ್ನ ಬಿಟ್ಟು ಎಷ್ಟು ಸ್ಕ್ಯಾನ್ ಮಾಡಿದ್ರೂ ವ್ಯರ್ಥ.

4. ಸೆಟ್ಟಿಂಗ್ಸ್‌ನಲ್ಲಿ ಇನ್‌ಸ್ಟಾಲ್ ಆಗಿರೋ ಆ್ಯಪ್‌ಗಳನ್ನ ತಾರೀಖಿನ ಪ್ರಕಾರ ಜೋಡಿಸಿ. ತೊಂದರೆ ಶುರುವಾದ ಸುಮಾರಿಗೆ ಬಂದ, ಗೊತ್ತಿಲ್ಲದ ಹೆಸರುಗಳನ್ನ ಅನ್‌ಇನ್‌ಸ್ಟಾಲ್ ಮಾಡಿ. ಬ್ರೌಸರ್‌ನ ಎಕ್ಸ್‌ಟೆನ್ಷನ್‌ಗಳನ್ನೂ ಹಾಗೇ ನೋಡಿ. ಟಾಸ್ಕ್ ಮ್ಯಾನೇಜರ್‌ನ "ಸ್ಟಾರ್ಟ್‌ಅಪ್" ಪಟ್ಟಿಯಲ್ಲಿ ಅನುಮಾನ ಬಂದದ್ದನ್ನ ಡಿಸೇಬಲ್ ಮಾಡಿ.

5. "ಸ್ಕ್ಯಾನ್ ಆಪ್ಷನ್ಸ್" ಒಳಗೆ ಫುಲ್ ಸ್ಕ್ಯಾನ್ ಹಾಕಿ. ಕೆಲವು ಗಂಟೆ ಹಿಡಿಯಬಹುದು.

6. ಅದು ಮುಗಿದ ಮೇಲೆ ಅದೇ ಜಾಗದಲ್ಲಿರೋ "ಆಫ್‌ಲೈನ್ ಸ್ಕ್ಯಾನ್" ಹಾಕಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳೋ ಮೊದಲೇ ಹುಡುಕುತ್ತೆ. ಸುಮಾರು 15 ನಿಮಿಷ ಸಾಕು. ವಿಂಡೋಸ್ ಓಡುವಾಗ ಅವಿತು ಕೂರೋ ವೈರಸ್‌ಗಳು ಇಲ್ಲಿ ಸಿಕ್ಕಿಬೀಳ್ತಾವೆ.

7. ಎರಡನೇ ಅಭಿಪ್ರಾಯ ತಗೊಳ್ಳಿ. ಇಂಟರ್ನೆಟ್ ಮತ್ತೆ ಹಾಕಿ ಮಾಲ್‌ವೇರ್‌ಬೈಟ್ಸ್‌ನ ಪುಕ್ಕಟೆ ಆವೃತ್ತಿ ಅಥವಾ ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಇಳಿಸಿ ಒಂದು ಸಲ ಓಡಿಸಿ. ಸೇಫ್ಟಿ ಸ್ಕ್ಯಾನರ್ ಡೌನ್‌ಲೋಡ್ ಆದ 10 ದಿನಕ್ಕೆ ಅವಧಿ ಮುಗಿಯುತ್ತೆ, ಪ್ರತಿ ಸಲ ಹೊಸದಾಗಿ ಇಳಿಸಬೇಕು. ಕೇಂದ್ರ ಸರ್ಕಾರದ ಸರ್ಟ್-ಇನ್ 2017ರಿಂದ ನಡೆಸ್ತಿರೋ ಸೈಬರ್ ಸ್ವಚ್ಛತಾ ಕೇಂದ್ರದ ವೆಬ್‌ಸೈಟಲ್ಲೂ ಪುಕ್ಕಟೆ ಟೂಲ್‌ಗಳು ಸಿಗ್ತಾವೆ. ಏನೇ ಇಳಿಸಿದ್ರೂ ಆಯಾ ಸಂಸ್ಥೆಯ ಸ್ವಂತ ಸೈಟಿಂದಲೇ ಇಳಿಸಿ.

8. ಎಲ್ಲಾ ಕ್ಲೀನ್ ಆದ ಮೇಲೆ ಪಾಸ್‌ವರ್ಡ್ ಬದಲಾಯಿಸಿ, ಅದೂ ಬೇರೆ ಕಂಪ್ಯೂಟರ್ ಅಥವಾ ಫೋನಿಂದ. ಮೊದಲು ಮೇಲ್, ಆಮೇಲೆ ಬ್ಯಾಂಕ್, ಆಮೇಲೆ ಉಳಿದದ್ದು. ವೈರಸ್ ತೆಗೆದ್ರೂ ಅದು ಆಗಲೇ ಕದ್ದು ಕಳಿಸಿದ ಪಾಸ್‌ವರ್ಡ್ ವಾಪಸ್ ಬರಲ್ಲ.

ಇಷ್ಟಾದ್ರೂ ಹೋಗಲಿಲ್ಲ ಅಂದ್ರೆ ಡೇಟಾ ತೆಗೆದಿಟ್ಟುಕೊಂಡು ವಿಂಡೋಸ್ ಹೊಸದಾಗಿ ಹಾಕೋದೇ ದಾರಿ. ರಿಪೇರಿ ಅಂಗಡಿಗೆ ಕೊಡೋದಾದ್ರೆ ಎರಡು ಮಾತು ಮೊದಲೇ ಕೇಳಿ: ಡೇಟಾ ತೆಗೆದಿಟ್ಟು ಫಾರ್ಮ್ಯಾಟ್ ಮಾಡ್ತೀರಾ? ವಾಪಸ್ ಹಾಕೋ ವಿಂಡೋಸ್ ಒರಿಜಿನಲ್ಲಾ? ಫಾರ್ಮ್ಯಾಟ್ ಮಾಡಿ ಮತ್ತೆ ಆಕ್ಟಿವೇಟರ್ ಓಡಿಸಿ ಕೊಟ್ರೆ, ಮನೆ ತೊಳೆದು ಅದೇ ಕೆಸರುಗಾಲಲ್ಲಿ ಒಳಗೆ ಬಂದ ಹಾಗೆ. ಕಂಪನಿ ಲ್ಯಾಪ್‌ಟಾಪ್‌ಗೆ ವಿಂಡೋಸ್ ಲೈಸೆನ್ಸ್ ಜೊತೆಗೇ ಬಂದಿದ್ರೆ ಆಕ್ಟಿವೇಟರ್ ಬೇಕೇ ಇಲ್ಲ, ಅದೇ ಆವೃತ್ತಿ ಹಾಕಿ ಇಂಟರ್ನೆಟ್ ಕೊಟ್ರೆ ಸಾಮಾನ್ಯವಾಗಿ ತಾನಾಗೇ ಆಕ್ಟಿವೇಟ್ ಆಗುತ್ತೆ.

ಪೆನ್‌ಡ್ರೈವ್‌ನಲ್ಲಿ ಬರೀ ಶಾರ್ಟ್‌ಕಟ್ ಕಾಣ್ತಿದ್ರೆ

ಗಾಬರಿ ಬೇಡ, ಫಾರ್ಮ್ಯಾಟ್ ಒತ್ತಬೇಡಿ. ಇಂಥ ವೈರಸ್ ಸಾಮಾನ್ಯವಾಗಿ ನಿಮ್ಮ ಫೈಲುಗಳನ್ನ ಅಳಿಸಿರಲ್ಲ, ಬಚ್ಚಿಟ್ಟು ಅದೇ ಹೆಸರಲ್ಲಿ ಶಾರ್ಟ್‌ಕಟ್ ಇಟ್ಟಿರುತ್ತೆ. ಶಾರ್ಟ್‌ಕಟ್ ಮೇಲೆ ಡಬಲ್ ಕ್ಲಿಕ್ ಮಾಡಿದ್ರೆ ವೈರಸ್ ಓಡುತ್ತೆ. ಅದರ ಬದಲು ಪೆನ್‌ಡ್ರೈವನ್ನ ಸ್ಕ್ಯಾನ್ ಮಾಡಿ. ಆಮೇಲೆ ಫೋಲ್ಡರ್ ಆಪ್ಷನ್ಸ್‌ನಲ್ಲಿ ಹಿಡನ್ ಫೈಲ್ ತೋರಿಸೋ ಆಯ್ಕೆ ಹಾಕಿ, "ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್" ಟಿಕ್ ತೆಗೆಯಿರಿ. ಅಸಲಿ ಫೈಲುಗಳು ಮಸುಕಾಗಿ ಕಾಣ್ತಾವೆ. ಬೇಕಾದ ಫೋಟೋ, ಡಾಕ್ಯುಮೆಂಟ್ ಮಾತ್ರ ಕಾಪಿ ಮಾಡ್ಕೊಂಡು ಆಮೇಲೆ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ. ಕೆಲಸ ಮುಗಿದ ಮೇಲೆ ಆ ಟಿಕ್ ವಾಪಸ್ ಹಾಕಿ.

ಎಲ್ಲಾ ಫೈಲ್ ಲಾಕ್ ಆಗಿ ದುಡ್ಡು ಕೇಳ್ತಿದ್ರೆ

ತಕ್ಷಣ ಇಂಟರ್ನೆಟ್ ಕಿತ್ತುಹಾಕಿ. ಬ್ಯಾಕಪ್ ಡಿಸ್ಕ್ ಚುಚ್ಚಬೇಡಿ, ಅದೂ ಲಾಕ್ ಆಗುತ್ತೆ. ಪರದೆ ಮೇಲಿರೋ ಸಂದೇಶದ ಫೋಟೋ ಫೋನಲ್ಲಿ ತೆಗೆದಿಟ್ಟುಕೊಳ್ಳಿ. ದುಡ್ಡು ಕಳಿಸಬೇಡಿ, ಕಳಿಸಿದ್ರೆ ಬೀಗದ ಕೈ ಕೊಡ್ತಾರೆ ಅನ್ನೋ ಖಾತ್ರಿ ಇಲ್ಲ. ಡಚ್ ಪೊಲೀಸರು, ಯುರೋಪೋಲ್ ಸೇರಿ 2016ರಲ್ಲಿ ಶುರು ಮಾಡಿದ "ನೋ ಮೋರ್ ರ‍್ಯಾನ್ಸಮ್" ವೆಬ್‌ಸೈಟಲ್ಲಿ ಲಾಕ್ ಆದ ಒಂದೆರಡು ಫೈಲ್ ಹಾಕಿದ್ರೆ, ಯಾವ ಜಾತಿಯ ರ‍್ಯಾನ್ಸಮ್‌ವೇರ್, ಬಿಡಿಸೋಕೆ ಪುಕ್ಕಟೆ ಟೂಲ್ ಇದೆಯಾ ಅಂತ ಹೇಳುತ್ತೆ. ಎಲ್ಲದಕ್ಕೂ ಟೂಲ್ ಇಲ್ಲ. ಇವತ್ತು ಇಲ್ಲದ್ದು ಮುಂದೆ ಬರಬಹುದು, ಅದಕ್ಕೆ ಲಾಕ್ ಆದ ಫೈಲುಗಳನ್ನ ಅಳಿಸದೆ ಒಂದು ಕಡೆ ಇಟ್ಟಿರಿ.

ಖಾತೆಯಿಂದ ದುಡ್ಡು ಹೋಗಿದ್ರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ನಾಳೆ ನೋಡೋಣ ಅಂದ್ರೆ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿರುತ್ತೆ.

ಕೊನೆಗೆ ಉಳಿಸೋದು ಬ್ಯಾಕಪ್

ಮೇಲಿನದ್ದೆಲ್ಲಾ ಮಾಡಿದ್ರೂ ಒಂದು ದಿನ ಕೈ ತಪ್ಪಬಹುದು. ಆಗ ನಿಮ್ಮ ಲೆಕ್ಕ ವಾಪಸ್ ಕೊಡೋದು ಬ್ಯಾಕಪ್ ಮಾತ್ರ.

ಎರಡು ಡಿಸ್ಕ್ ಇಟ್ಟುಕೊಳ್ಳಿ. ಒಂದು ವಾರ ಒಂದಕ್ಕೆ, ಮುಂದಿನ ವಾರ ಇನ್ನೊಂದಕ್ಕೆ ಕಾಪಿ ಮಾಡಿ. ಟ್ಯಾಲಿ ಪ್ರೈಮ್ ಬಳಸೋರು "ಡೇಟಾ" ಮೆನುವಿನಲ್ಲಿರೋ "ಬ್ಯಾಕಪ್" ಬಳಸಿ. ಕಾಪಿ ಆದ ಕೂಡಲೇ ಡಿಸ್ಕ್ ಕಿತ್ತಿಡಿ. ಸದಾ ಕಂಪ್ಯೂಟರ್‌ಗೆ ಚುಚ್ಚಿಟ್ಟ ಡಿಸ್ಕ್ ಕಂಪ್ಯೂಟರ್ ಜೊತೆಗೇ ಹೋಗುತ್ತೆ. ಅಂಗಡಿಯ ಬ್ಯಾಕಪ್ ಮನೆಯಲ್ಲಿರಲಿ. ಕಳ್ಳತನ, ಬೆಂಕಿ, ಮಳೆ ನೀರಿಗೂ ಅದೇ ಪರಿಹಾರ. ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಒಂದು ಫೈಲ್ ತೆಗೆದು ತೆರೆಯುತ್ತಾ ನೋಡಿ.

ಈ ವಾರ ಒಂದೇ ಕೆಲಸ ಮಾಡೋಕೆ ಟೈಮ್ ಇದೆ ಅಂದ್ರೆ, ಆಂಟಿವೈರಸ್ ವಿಷಯ ಮುಂದಿನ ವಾರಕ್ಕೆ ಇರಲಿ. ಇವತ್ತು ಸಂಜೆ ಶಟರ್ ಎಳೆಯೋ ಮೊದಲು ಲೆಕ್ಕದ ಫೋಲ್ಡರ್ ಒಂದು ಕಾಪಿ ತೆಗೆದು ಮನೆಗೆ ತಗೊಂಡು ಹೋಗಿ.